ಮ್ಯಾಮೊಗ್ರಫಿ ಇಲ್ಲದೆ, ಕೈಯಿಂದಲೇ: ಮುಂಬೈಯ ಸ್ತನ ತಪಾಸಣೆಯ ಕಥೆ

ಎದೆಯಲ್ಲಿ ಗಂಟು ಸಿಕ್ಕಿದರೂ ನೋವಿಲ್ಲ ಅಂತ ಸುಮ್ನೆ ಇದ್ದುಬಿಡುವವರು ಜಾಸ್ತಿ. ಆದರೆ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಧಾರಾವಿಯಲ್ಲಿ ನೆಲೆಸಿದ ಕಲಬುರಗಿ ಕಡೆಯ ಹೆಂಗಸಾಗಲಿ, ಮಾಟುಂಗದ ಉಡುಪಿ ಮನೆಯ ಅಮ್ಮನಾಗಲಿ, ಇದನ್ನು ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ತಳ್ಳಿಬಿಡುತ್ತಾರೆ. ಕೊನೆಗೆ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆ ತಲುಪುವಾಗ ಗಂಟು ದೊಡ್ಡದಾಗಿರುತ್ತದೆ.

1941ರಲ್ಲಿ ಶುರುವಾದ ಆ ಆಸ್ಪತ್ರೆಯ ವೈದ್ಯರು ಇದನ್ನು ನೋಡುತ್ತಲೇ ಬಂದಿದ್ದರು. ಶ್ರೀಮಂತ ದೇಶಗಳಲ್ಲಿ ಮ್ಯಾಮೊಗ್ರಫಿ, ಅಂದರೆ ಸ್ತನದ ಎಕ್ಸ್‌ರೇ ಚಿತ್ರ ತೆಗೆಯುವ ಪರೀಕ್ಷೆ, ಇತ್ತು. ನಮ್ಮಲ್ಲಿ ಅಷ್ಟು ಯಂತ್ರ ಎಲ್ಲಿಂದ ತರುವುದು? ಅದೂ ಅಲ್ಲದೆ ನಮ್ಮ ಹೆಂಗಸರಿಗೆ ಈ ರೋಗ ಅಲ್ಲಿನವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಚಿಕ್ಕ ವಯಸ್ಸಿನ ಸ್ತನ ಗಟ್ಟಿ, ಚಿತ್ರದಲ್ಲಿ ಗಂಟು ಸರಿಯಾಗಿ ಕಾಣುವುದಿಲ್ಲ.

ಹಾಗಾಗಿ ಟಾಟಾ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಬೇರೆ ದಾರಿ ಹಿಡಿದರು. ಮುಂಬೈಯ ಕೊಳೆಗೇರಿಗಳ 20 ಪ್ರದೇಶ, 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು. ಅರ್ಧ ಪ್ರದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ. ಮಾಡಿದವರು ಡಾಕ್ಟರುಗಳಲ್ಲ, ಹತ್ತನೇ ತರಗತಿವರೆಗೆ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ. ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಲು ಒಪ್ಪದವರು ಹೆಂಗಸಿನ ಕೈಗೆ ಒಪ್ಪುತ್ತಾರೆ, ಅಲ್ವಾ?

ಉಳಿದರ್ಧಕ್ಕೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಮಾತ್ರ ಕೊಟ್ಟರು, ಪರೀಕ್ಷೆ ಇಲ್ಲ. ಇದು ನ್ಯಾಯವೇ ಎಂಬ ತಕರಾರು ಎದ್ದಿತ್ತು. ತಕರಾರಿನಲ್ಲಿ ಹುರುಳಿತ್ತು ಅಂತಲೇ ನನಗನಿಸುತ್ತದೆ. ಆದರೆ ಹೋಲಿಸಲು ಯಾರೂ ಇಲ್ಲದಿದ್ದರೆ ಕೈ ಪರೀಕ್ಷೆಯಿಂದ ಜೀವ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಉತ್ತರ ಬಂದಿದ್ದು 2021ರಲ್ಲಿ. ಕ್ಯಾನ್ಸರ್ ಮುಂದುವರಿದ ಮೂರನೇ, ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಪರೀಕ್ಷೆ ಇಲ್ಲದ ಕಡೆ 47%, ಇದ್ದ ಕಡೆ 37%. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30% ಕಡಿಮೆ. ಐವತ್ತರ ಒಳಗಿನವರಲ್ಲಿ ಮಾತ್ರ ಸಾವು ಇಳಿದದ್ದು ಖಚಿತವಾಗಲಿಲ್ಲ. ಎಲ್ಲ ವಯಸ್ಸೂ ಸೇರಿಸಿದರೆ 15% ಇಳಿಕೆ, ಅದೂ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿಯಲ್ಲ, ಬರೀ ಆಕಸ್ಮಿಕವೂ ಆಗಿರಬಹುದು. ಪತ್ರಿಕೆಗಳ ತಲೆಬರಹಗಳಲ್ಲಿ ಇಂಥ 'ಆದರೆ'ಗಳಿಗೆ ಜಾಗ ಸಿಗುವುದು ಅಪರೂಪ.

ಅಷ್ಟರಲ್ಲಿ ಕೇಂದ್ರ ಸರ್ಕಾರ 2016ರಲ್ಲೇ ಮೂವತ್ತು ದಾಟಿದವರಿಗೆ ಕೈಯಿಂದ ಸ್ತನ ಪರೀಕ್ಷೆ ಅಂತ ಕಾರ್ಯಕ್ರಮ ಹಾಕಿತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಗಂಟಿದೆಯಾ ಅಂತ ಕೇಳಿ ಫಾರಂ ತುಂಬಬೇಕು. ಆರೋಗ್ಯ ಕೇಂದ್ರದಲ್ಲಿ ನರ್ಸೋ ಡಾಕ್ಟರೋ ಪರೀಕ್ಷೆ ಮಾಡಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡ 30-49 ವಯಸ್ಸಿನವರು ಬರೀ 0.9%. ಲಸಿಕೆ, ಬಾಣಂತಿ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಅದೇ ನರ್ಸ್ ಓಡಬೇಕಾದರೆ ಪರದೆ ಎಳೆದು ನಿಧಾನವಾಗಿ ನೋಡಲು ಅವರಿಗೆ ಹೊತ್ತೆಲ್ಲಿ?

ಇನ್ನೊಂದು ತೊಡಕೂ ಇದೆ. ಮುಂಬೈಯಲ್ಲಿ ನಡೆದದ್ದು ಎರಡು ವರ್ಷಕ್ಕೊಮ್ಮೆಯ ಪರೀಕ್ಷೆ. ಸರ್ಕಾರದ ಕಾರ್ಯಕ್ರಮ ಹೇಳುವುದು ಐದು ವರ್ಷಕ್ಕೊಮ್ಮೆ. ಅಷ್ಟು ಅಂತರ ಬಿಟ್ಟರೂ ಅದೇ ಫಲ ಸಿಗುತ್ತದೆ ಅನ್ನಲು ಮುಂಬೈಯ ಅಧ್ಯಯನದಲ್ಲಿ ಆಧಾರವಿಲ್ಲ.