ನೀರು ನಿಂತ ಮೇಲೆ ಪೈಪ್ ಒಳಗೆ ಏನಾಗುತ್ತೆ?

ಸಪ್ಲೈ ನಿಲ್ಲೋ ಹೊತ್ತಲ್ಲಿ ಒಂದ್ಸಲ ನಲ್ಲಿ ಬಾಯಿಗೆ ಬೆರಳಿಟ್ಟು ನೋಡಿ, ಎಷ್ಟೋ ಸಲ ಬೆರಳನ್ನ ಮೆಲ್ಲಗೆ ಒಳಕ್ಕೆ ಎಳ್ಕೊಳ್ಳುತ್ತೆ, ಸುಸ್ ಅಂತ ಸದ್ದು ಬೇರೆ. ನಾವು ನೀರು ಹೋಯ್ತು ಅಂತ ಬೈಕೊಂಡು ಸುಮ್ನಾಗ್ತೀವಿ. ಆದ್ರೆ ಸಣ್ಣ ಊರಲ್ಲಿ ನೀರು, ಒಳಚರಂಡಿ, ಕಸ ಈ ಮೂರೂ ಒಂದಕ್ಕೊಂದು ಗಂಟು ಬಿದ್ದಿರೋದು ಆ ಎಳೆತದಲ್ಲೇ.

ಓವರ್‌ಹೆಡ್ ಟ್ಯಾಂಕನ್ನ ಅಷ್ಟು ಎತ್ತರಕ್ಕೆ ಕಟ್ಟೋದು ಬರೀ ನೀರು ತುಂಬಿಡೋಕಲ್ಲ, ಒತ್ತಡಕ್ಕೆ. 10 ಮೀಟರ್ ಎತ್ತರದ ನೀರು ಅಂದ್ರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 1 ಕೆಜಿ ಭಾರ. ಈ ಒತ್ತಡ ನೀರನ್ನ ಮನೆಗೆ ತಲುಪಿಸೋದರ ಜೊತೆಗೆ ಕಾವಲೂ ಕಾಯುತ್ತೆ, ಯಾಕಂದ್ರೆ ಪೈಪಿನ ಜಾಯಿಂಟ್ ಸಡಿಲ ಆಗಿರಲಿ, ಸಣ್ಣ ಬಿರುಕಿರಲಿ, ಒಳಗೆ ಒತ್ತಡ ಇರೋವರೆಗೂ ನೀರು ಹೊರಗೆ ಸೋರುತ್ತೆ ಹೊರತು ಹೊರಗಿನದ್ದು ಒಳಗೆ ಬರಲ್ಲ. ವಾಲ್ವ್ ಮುಚ್ಚಿದ ಮೇಲೆ ಆಟ ಉಲ್ಟಾ. ತಗ್ಗಿನ ಮನೆಯವರು ಪೈಪಲ್ಲಿ ಉಳಿದಿದ್ದನ್ನ ಹಿಡ್ಕೊಳ್ತಾರೆ, ದಿಬ್ಬದ ಕಡೆ ಪೈಪ್ ಖಾಲಿ ಆಗಿ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಆಗುತ್ತೆ, ಆಗ ಬಿರುಕಿನ ಸುತ್ತ ಮಣ್ಣಲ್ಲಿ ಏನು ತೇವ ಇದೆಯೋ ಅದೆಲ್ಲ ಒಳಗೆ.

ಆ ತೇವ ಎಲ್ಲಿಂದ ಬಂತು? ಅದೇ ರಸ್ತೆ ಕೆಳಗೆ ಒಳಚರಂಡಿ ಪೈಪೂ ಇದೆಯಲ್ಲ.

ಅದರ ಲೆಕ್ಕಾಚಾರ ಪೂರ್ತಿ ಬೇರೆ. ಅಲ್ಲಿ ಒತ್ತಡ ಇರಲೇಬಾರದು, ಇಳಿಜಾರು ಸಾಕು, ಪೈಪಿನ ಮೇಲ್ಭಾಗದಲ್ಲಿ ಯಾವಾಗ್ಲೂ ಗಾಳಿ ಇರಬೇಕು. ಕೊಳಚೆ ನೀರಲ್ಲಿ ಶೇ 99.9 ನೀರೇ, ಉಳಿದ ಚೂರನ್ನ ತಳ ಕಚ್ಚದ ಹಾಗೆ ತಳ್ಕೊಂಡು ಹೋಗೋಕೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ಸಣ್ಣ ಊರು ಸೋಲೋದು ಇಲ್ಲೇ: ಪೈಪ್ ದೊಡ್ಡದು ಹಾಕಿರ್ತಾರೆ, ಕನೆಕ್ಷನ್ ತಗೊಂಡ ಮನೆಗಳು ಕಮ್ಮಿ, ನೀರು ತೆಳ್ಳಗೆ ತೆವಳುತ್ತೆ, ಹೂಳು ಕೂರುತ್ತೆ. ಹೂಳಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ, ಕೊಳೆತ ಮೊಟ್ಟೆ ವಾಸನೆ, ಪೈಪಿನ ಮೇಲ್ಭಾಗದಲ್ಲಿ ಕೂತಿರೋ ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಅದನ್ನ ಸಲ್ಫ್ಯೂರಿಕ್ ಆಸಿಡ್ ಮಾಡಿ ಕಾಂಕ್ರೀಟನ್ನೇ ತಿಂದು ಹಾಕುತ್ತೆ. ಇನ್ನೊಂದು ವಿಷ್ಯ ಇಲ್ಲಿ ಹೇಳ್ಲೇಬೇಕು, ಈ ಗ್ಯಾಸ್ ಜಾಸ್ತಿ ಆದಾಗ ಮೂಗು ಮರಗಟ್ಟಿ ವಾಸನೆನೇ ಗೊತ್ತಾಗಲ್ಲ. ಗ್ಯಾಸ್ ಹೋಯ್ತು ಅಂದ್ಕೊಂಡು ಮ್ಯಾನ್‌ಹೋಲಿಗೆ ಇಳಿದವರು ವಾಪಸ್ ಬರದೆ ಇರೋದಕ್ಕೆ ಇದೂ ಒಂದು ಕಾರಣ, ಅಷ್ಟಾದ್ರೂ ಮನುಷ್ಯರನ್ನ ಇಳಿಸ್ತಾನೇ ಇದ್ದಾರೆ ಅನ್ನೋದು ನಾಚಿಕೆಗೇಡು.

ಇನ್ನು ಕಸ. ಕಸದ ಗಾಡಿ ಎರಡು ದಿನ ಬರಲಿಲ್ಲ ಅಂದ್ರೆ ಕವರು, ಪ್ಯಾಡು, ಬಟ್ಟೆ ಎಲ್ಲ ಚರಂಡಿಗೆ. ಅಡುಗೆಮನೆ ಸಿಂಕಿಂದ ಹೋಗೋ ಎಣ್ಣೆ ಜಿಡ್ಡು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸೋಪಿನ ಥರ ಗಟ್ಟಿಯಾಗಿ ಇದನ್ನೆಲ್ಲ ಅಂಟಿಸಿ ಕೂರಿಸುತ್ತೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಸಿಕ್ಕ ಇಂಥ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕ ಇತ್ತು! ಪೈಪ್ ಕಟ್ಕೊಂಡ್ರೆ ಒತ್ತಡ ಇರಬಾರದ ಜಾಗದಲ್ಲಿ ಒತ್ತಡ ಏರುತ್ತೆ, ಕೊಳಚೆ ಜಾಯಿಂಟಿಂದ ಮಣ್ಣಿಗೆ ಇಳಿಯುತ್ತೆ, ಪಕ್ಕದ ಕುಡಿಯೋ ನೀರಿನ ಪೈಪ್ ಯಾವಾಗ ಖಾಲಿ ಆಗುತ್ತೋ ಅಂತ ಕಾಯ್ತಾ ಕೂರುತ್ತೆ.

ಇದಕ್ಕೆಲ್ಲ ಕೊನೆ ತಡೆ ಕ್ಲೋರಿನ್. ನಲ್ಲಿ ತಲುಪೋ ಹೊತ್ತಿಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನೋದು ವಾಡಿಕೆ. ಕೊಳಕು ಸೇರಿದ ಕಡೆ ಅದರ ಜೊತೆ ಗುದ್ದಾಡಿ ಕ್ಲೋರಿನ್ನೇ ಖರ್ಚಾಗಿ ಹೋಗುತ್ತೆ. ನೋಡೋದು ಕಷ್ಟ ಏನಲ್ಲ, ಚಿಕ್ಕ ಟ್ಯೂಬಲ್ಲಿ ನೀರು ಹಿಡಿದು ಡಿಪಿಡಿ ಅನ್ನೋ ಕ್ಲೋರಿನ್ ಪರೀಕ್ಷೆ ಮಾತ್ರೆ ಹಾಕಿ ಅಲ್ಲಾಡಿಸಿದ್ರೆ ಕ್ಲೋರಿನ್ ಇದ್ದಷ್ಟೂ ಗುಲಾಬಿ ಬಣ್ಣ. ಆದ್ರೆ ನೀರುಗಂಟಿ ಇದನ್ನ ಟ್ಯಾಂಕ್ ಬುಡದಲ್ಲೇ ಮಾಡಿ ಬುಕ್ಕಲ್ಲಿ ಬರ್ಕೊಂಡ್ರೆ ಏನೂ ಗೊತ್ತಾಗಲ್ಲ, ಸಪ್ಲೈ ಶುರುವಾದ ಮೊದಲ ಹತ್ತು ನಿಮಿಷದಲ್ಲಿ ಲೈನಿನ ಕಟ್ಟಕಡೇ ಮನೆ ನಲ್ಲಿಯಲ್ಲಿ ಮಾಡಬೇಕು. ಬುಡದಲ್ಲಿ ಒಳ್ಳೇ ಗುಲಾಬಿ ಬಂದ ದಿನವೇ ಅಲ್ಲಿ ಟ್ಯೂಬ್ ಬೆಳ್ಳಗೇ ಉಳಿದಿರಬಹುದು.