ಝಂಡಾ ಉಲ್ಟಾ ಹಾರಿದರೆ ಜೈಲೇ?

ಆಗಸ್ಟ್ 15ರ ಬೆಳಿಗ್ಗೆ ಒಂದು ಶಾಲೆಯ ಅಂಗಳದಲ್ಲಿ ಬಾವುಟ ಬಿಚ್ಚಿಕೊಳ್ಳುತ್ತದೆ. ಹಸಿರು ಮೇಲೆ, ಕೇಸರಿ ಕೆಳಗೆ. ಹಗ್ಗ ಹಿಡಿದವರಿಗೆ ಅದು ಗೊತ್ತಾಗುವ ಮುಂಚೆಯೇ ಯಾರದೋ ಮೊಬೈಲಿನಲ್ಲಿ ಸೆರೆಯಾಗಿರುತ್ತದೆ. ಮಧ್ಯಾಹ್ನಕ್ಕೆ ಮುಖ್ಯಗುರುಗಳ ಅಮಾನತಿಗೆ ಮನವಿ, ಸಂಜೆಗೆ ಠಾಣೆಯಲ್ಲಿ ದೂರು. ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಈ ಆತಂಕ ವರ್ಷಕ್ಕೆ ಒಮ್ಮೆಯದಲ್ಲ. ಜನವರಿ 26, ಆಗಸ್ಟ್ 15ರ ಜೊತೆಗೆ 1948ರ ಹೈದರಾಬಾದ್ ವಿಮೋಚನೆಯ ನೆನಪಿನ ಸೆಪ್ಟೆಂಬರ್ 17ರಂದೂ ಇಲ್ಲಿ ಝಂಡಾ ಏರುತ್ತದೆ. ಆದ್ದರಿಂದ ಯಾವುದು ಅಪರಾಧ, ಯಾವುದು ಬರೀ ಲೋಪ ಎಂಬ ಗೆರೆ ಹಗ್ಗ ಹಿಡಿಯುವವರಿಗೂ ಗೊತ್ತಿರಬೇಕು, ದೂರು ಬರೆಯುವವರಿಗೂ ಗೊತ್ತಿರಬೇಕು.

ಧ್ವಜದ ವಿಷಯದಲ್ಲಿ ಮೂರು ದಾಖಲೆಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ರಾಷ್ಟ್ರಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971 ಜೈಲು ಶಿಕ್ಷೆ ವಿಧಿಸುವ ಕಾನೂನು. ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆ, 1950 ವ್ಯಾಪಾರಕ್ಕೆ ಸಂಬಂಧಿಸಿದ್ದು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತೀಯ ಧ್ವಜ ಸಂಹಿತೆ ಸರ್ಕಾರದ ಸೂಚನೆಗಳ ಸಂಗ್ರಹ. ಸಂಹಿತೆಯು ಸಂವಿಧಾನದ 13ನೇ ವಿಧಿಯ ಅರ್ಥದಲ್ಲಿ ಕಾನೂನಲ್ಲ ಎಂದು ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು ಹೇಳಿತು. ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ವಿಧಿಯಡಿ ನಾಗರಿಕರ ಮೂಲಭೂತ ಹಕ್ಕು, ಅದಕ್ಕೆ ಸಮಂಜಸ ನಿರ್ಬಂಧ ಇರಬಹುದು ಎಂದದ್ದೂ ಅದೇ ತೀರ್ಪು. ಸಂಹಿತೆಯನ್ನು ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಹಿತೆಯ ಒಂದು ಸಾಲು ಮುರಿದಿದೆ ಎಂದಷ್ಟೇ ಬರೆದ ದೂರಿನ ಮೇಲೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಆ ಕೃತ್ಯ 1971ರ ಕಾಯ್ದೆಯ 2ನೇ ಕಲಮಿನೊಳಗೆ ಬರಬೇಕು.

ಆ ಕಲಮು ಬಹಳ ವಿಶಾಲ. ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಧ್ವಜವನ್ನು ಸುಡುವುದು, ಹರಿಯುವುದು, ವಿರೂಪಗೊಳಿಸುವುದು, ಹೊಲಸು ಮಾಡುವುದು, ತುಳಿಯುವುದು, ಮಾತು, ಬರಹ ಅಥವಾ ಕೃತ್ಯದಿಂದ ಅವಮಾನಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಮೂರು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಶಿಕ್ಷೆಯಾದರೆ ಒಂದು ವರ್ಷಕ್ಕೆ ಕಡಿಮೆ ಇಲ್ಲದ ಸಜೆ. ಬಟ್ಟೆಯ ಬಾವುಟ ಮಾತ್ರವಲ್ಲ, ಯಾವುದೇ ವಸ್ತುವಿನ ಮೇಲಿನ ಧ್ವಜದ ಚಿತ್ರ ಅಥವಾ ಚಿತ್ರದ ಭಾಗವೂ ಧ್ವಜವೇ. ಬಸ್ಸು, ರೈಲು ಸಹ ಸಾರ್ವಜನಿಕ ಸ್ಥಳವೇ. ಇಷ್ಟು ಬಿಗಿಯಾದ ಕಾಯ್ದೆಯೇ ಒಂದು ಬಾಗಿಲು ತೆರೆದಿಟ್ಟಿದೆ: ಸಂವಿಧಾನವನ್ನೋ ಧ್ವಜವನ್ನೋ ಕಾನೂನುಬದ್ಧವಾಗಿ ಬದಲಿಸಬೇಕೆಂದು ಟೀಕಿಸುವುದು ಅಪರಾಧವಲ್ಲ.

ಈಗ ತಲೆಕೆಳಗಾದ ಬಾವುಟಕ್ಕೆ ಬರೋಣ. ಅಗೌರವ ಎಂದರೇನು ಎಂದು 2003ರ ತಿದ್ದುಪಡಿ ಪಟ್ಟಿ ಮಾಡಿತು. ಅದರಲ್ಲಿ ಕೇಸರಿ ಕೆಳಗಾಗಿ ಹಾರಿಸುವುದೂ ಇದೆ, ನೆಲಕ್ಕೆ ತಾಗಿಸುವುದೂ ಇದೆ. ಈ ಎರಡಕ್ಕೂ ‘ಉದ್ದೇಶಪೂರ್ವಕವಾಗಿ’ ಎಂಬ ಪದವನ್ನು ಸಂಸತ್ತು ಸೇರಿಸಿದೆ. ಇಡೀ ಕೇಸು ನಿಂತಿರುವುದು ಆ ಒಂದು ಪದದ ಮೇಲೆ. ಮಡಚುವಾಗ ಮೇಲುಕೆಳಗಾಗಿದ್ದು, ಗೊತ್ತಾದ ಕೂಡಲೇ ಇಳಿಸಿ ಸರಿಪಡಿಸಿದ್ದರೆ ಅದು ನಿರ್ಲಕ್ಷ್ಯ. ನೌಕರರಾಗಿದ್ದರೆ ಇಲಾಖೆ ವಿಚಾರಿಸಿಕೊಳ್ಳಲಿ. ಕೇಸರಿ ಕೆಳಗಿದೆ ಎಂದು ಹೇಳಿದ ಮೇಲೂ ಬೇಕೆಂದೇ ಬಿಟ್ಟರೆ ಮಾತು ಬೇರೆ. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್ ಸಮಾರಂಭದಲ್ಲಿ ತ್ರಿವರ್ಣದ ಭೂಪಟ, ಅಶೋಕಚಕ್ರ ಇದ್ದ ಕೇಕ್ ಕತ್ತರಿಸಿದ್ದಕ್ಕೆ ಎದ್ದ ಪ್ರಕರಣವನ್ನು ಮದ್ರಾಸ್ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಕೃತ್ಯದ ಹಿಂದಿನ ಭಾವ ಏನಿತ್ತು ಎಂಬುದನ್ನು ನ್ಯಾಯಾಲಯ ನೋಡಿತು.

ಬಾವುಟ ಉಲ್ಟಾ ಆಗುವುದು ಎಲ್ಲಿ? ಬಹುಪಾಲು ಹೂ ಕಟ್ಟುವಾಗ. ಮಾನಕದ ಖಾದಿ ಬಾವುಟದ ಅಂಚಿನ ಹೊಲಿಗೆಯೊಳಗೆ ಹಗ್ಗ ಇರುತ್ತದೆ, ಕೇಸರಿ ತುದಿಯಲ್ಲಿ ಮರದ ಗುಬ್ಬಿ (ಸಣ್ಣ ಗೂಟ) ಇರುತ್ತದೆ. ಆ ಗುಬ್ಬಿಯಿಂದಲೇ ಮೇಲ್ಭಾಗ ಕೈಗೆ ತಿಳಿಯುತ್ತದೆ. ಅಂಗಡಿಯ ಅಗ್ಗದ ಪಾಲಿಯೆಸ್ಟರ್ ಬಾವುಟದಲ್ಲಿ ಬರೀ ತೂತಿನ ಅಂಚು. ಮಡಚಿ, ಹೂ ತುಂಬಿ, ಗಂಟು ಕಟ್ಟಿದ ಮೇಲೆ ಯಾವ ತುದಿ ಯಾವುದೆಂದು ನೋಡುವವರಿಗೆ ಕಾಣುವುದಿಲ್ಲ. ಹಾಗಾಗಿ ಮೇಲಿನ ತುದಿಗೆ ಕಟ್ಟುವ ಹಗ್ಗಕ್ಕೆ, ಬಾವುಟಕ್ಕಲ್ಲ, ಕೇಸರಿ ನೂಲು ಸುತ್ತಿ ಗುರುತು ಮಾಡಿ. ಹಿಂದಿನ ಸಂಜೆ ಅದೇ ಬಾವುಟವನ್ನು ಹೂವಿಲ್ಲದೆ ತುದಿಯವರೆಗೆ ಏರಿಸಿ ನೋಡಿ. ರಾಟೆ ತಿರುಗುತ್ತದೆಯೇ, ಹಗ್ಗ ರಾಟೆಯ ಪಕ್ಕಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆಯೇ, ಕೇಸರಿ ಮೇಲಿದೆಯೇ ಎಂಬ ಮೂರೂ ಅಲ್ಲೇ ಗೊತ್ತಾಗುತ್ತವೆ. ಮರುದಿನ ಬೆಳಿಗ್ಗೆ ಹಗ್ಗದ ತುದಿಗಳನ್ನು ಅದಲುಬದಲು ಮಾಡಬೇಡಿ. ಹೂ ಕಟ್ಟುವುದು ಜಾರುಗಂಟಿನಿಂದಲೇ. ಬಿಗಿಗಂಟು ಹಾಕಿದರೆ ಅತಿಥಿಗಳು ಜಗ್ಗಿದಷ್ಟೂ ಬಿಗಿಯುತ್ತದೆ, ಆಮೇಲೆ ಯಾರೋ ಹುಡುಗ ಕಂಬ ಹತ್ತಬೇಕಾಗುತ್ತದೆ. ಕಂಬದ ಹತ್ತಿರ ವಿದ್ಯುತ್ ತಂತಿ ಇದ್ದರೆ ಅದು ಪ್ರಾಣಕ್ಕೇ ಅಪಾಯ. ಎಸಳು ಎರಡು ಹಿಡಿ ಸಾಕು, ಒದ್ದೆ ಹೂ ಬೇಡ: ಭಾರಕ್ಕೆ ಬಾವುಟ ಬಿಚ್ಚುವುದಿಲ್ಲ, ಬಿಳಿ ಪಟ್ಟಿಗೆ ಕಲೆ ಹತ್ತುತ್ತದೆ. ಚಾಕಲೇಟು, ನಾಣ್ಯ ಕಟ್ಟುವುದಂತೂ ಕೂಡದು. ಬಾವುಟದಲ್ಲಿ ವಸ್ತು ಕಟ್ಟುವುದು ಕಾಯ್ದೆಯ ಪ್ರಕಾರ ಅಗೌರವ, ಹೂವಿನ ಎಸಳಿಗೆ ಮಾತ್ರ ವಿನಾಯಿತಿ.

ತಪ್ಪಾಯಿತೆಂದು ಕಂಡರೆ ಗಾಬರಿಯಿಂದ ಎಳೆದಾಡಬಾರದು. ಒಬ್ಬರು ಹಗ್ಗ ಬಿಡುತ್ತಾ ಬರಲಿ, ಇನ್ನೊಬ್ಬರು ಎರಡೂ ತೋಳಿನ ಮೇಲೆ ಬಾವುಟ ತೆಗೆದುಕೊಳ್ಳಲಿ. ತಿರುಗಿಸಿ ಕಟ್ಟಿ ಮತ್ತೆ ಏರಿಸಿ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಸಮಯ, ಹಾಜರಿದ್ದವರು, ಸರಿಪಡಿಸಿದ ಕ್ರಮ ಇಷ್ಟನ್ನು ಅಂದೇ ಶಾಲೆಯ ಅಥವಾ ಪಂಚಾಯಿತಿಯ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಡಿ. ಉದ್ದೇಶ ಇರಲಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಮುಂದೆ ಸಿಗುವುದಿಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಉಲ್ಟಾ ಬಾವುಟದ ಬಗ್ಗೆ ಅಲ್ಲ. ಅಭಿಮಾನದಿಂದ ಮಾಡುವ, ಅಪರಾಧವೆಂದು ಯಾರಿಗೂ ಅನಿಸದ ಕೆಲಸಗಳ ಬಗ್ಗೆ. ಊರಿನ ಹಿರಿಯರು ತೀರಿಕೊಂಡಾಗ ಪಂಚಾಯಿತಿ ಕಟ್ಟಡದ ಬಾವುಟವನ್ನು ಸ್ವಂತ ನಿರ್ಧಾರದಿಂದ ಅರ್ಧಕ್ಕೆ ಇಳಿಸುವುದು ಅವುಗಳಲ್ಲೊಂದು. ಸರ್ಕಾರದ ಸೂಚನೆ ಇಲ್ಲದೆ ಅರ್ಧಕ್ಕೆ ಹಾರಿಸುವುದೇ ಕಾಯ್ದೆಯ ಪಟ್ಟಿಯಲ್ಲಿದೆ. ಸೂಚನೆ ಇದ್ದಾಗಲೂ ಮೊದಲು ತುದಿಗೆ ಏರಿಸಿ ಆಮೇಲೆ ಅರ್ಧಕ್ಕೆ ತರಬೇಕು, ಸಂಜೆ ಮತ್ತೆ ತುದಿಗೆ ಏರಿಸಿಯೇ ಇಳಿಸಬೇಕು. ಪಾರ್ಥಿವ ಶರೀರಕ್ಕೆ ಧ್ವಜ ಹೊದಿಸುವುದು ಸರ್ಕಾರಿ ಗೌರವದ ಅಥವಾ ಸೇನೆ, ಅರೆಸೇನೆಯ ಅಂತ್ಯಕ್ರಿಯೆಯಲ್ಲಿ ಮಾತ್ರ. ವೇದಿಕೆಯ ಮೇಜಿಗೆ ಹಾಸುವುದು, ಅನಾವರಣದ ಮುನ್ನ ಪ್ರತಿಮೆಗೆ ಮುಚ್ಚುವುದು, ರ‍್ಯಾಲಿಯಲ್ಲಿ ಜೀಪಿನ ಬಾನೆಟ್ಟಿಗೋ ಸಂಡೂರಿನ ಅದಿರು ಲಾರಿಯ ಹಿಂಭಾಗಕ್ಕೋ ಹೊದಿಸುವುದು, ಬಾವುಟದ ಮೇಲೆ ಸಂಘದ ಹೆಸರು ಬರೆಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಈ ಕಲಮುಗಳಲ್ಲಿ ‘ಉದ್ದೇಶಪೂರ್ವಕವಾಗಿ’ ಎಂಬ ಪದ ಇಲ್ಲ ಎಂಬುದನ್ನು ಗಮನಿಸಿ. ಪ್ರೀತಿಯಿಂದ ಮಾಡಿದ್ದು ಎಂಬ ಸಮರ್ಥನೆ ನ್ಯಾಯಾಲಯದಲ್ಲಿ ಕೆಲಸಕ್ಕೆ ಬರಬಹುದು, ಆದರೆ ಅಲ್ಲಿಯವರೆಗಿನ ಅಲೆದಾಟ ತಪ್ಪುವುದಿಲ್ಲ.

ನವೆಂಬರ್ 1ರ ಪ್ರಶ್ನೆಯೊಂದಿದೆ. ರಾಷ್ಟ್ರಧ್ವಜ, ಕನ್ನಡ ಬಾವುಟ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಬೇಡಿ, ಬೇರೆ ಯಾವ ಬಾವುಟವೂ ರಾಷ್ಟ್ರಧ್ವಜಕ್ಕಿಂತ ಎತ್ತರ ಇರಬಾರದು. ಹಳದಿ ಕೆಂಪು ಬಾವುಟಕ್ಕೆ 1971ರ ಕಾಯ್ದೆಯ ರಕ್ಷಣೆ ಇಲ್ಲ. ಅದಕ್ಕೆ ಬೆಂಕಿ ಇಟ್ಟರೆ ಬೇರೆ ಕಾನೂನುಗಳಡಿ ದೂರು ಕೊಡಬೇಕಾಗುತ್ತದೆ.

ಬಳ್ಳಾರಿಯ ಜೀನ್ಸ್ ಘಟಕಗಳು ಈ ಕಾಯ್ದೆಯನ್ನು ಬೇರೆಯವರಿಗಿಂತ ಚೆನ್ನಾಗಿ ಓದಿಕೊಂಡಿರಬೇಕು. 2005ರ ತಿದ್ದುಪಡಿಯ ನಂತರ ಸೊಂಟದ ಕೆಳಗೆ ತೊಡುವ ಯಾವುದೇ ಉಡುಪಿನ ಭಾಗವಾಗಿ ಧ್ವಜ ಬಳಸುವುದು ಅಗೌರವ. ಪ್ಯಾಂಟಿನ ಹಿಂದಿನ ಜೇಬಿಗೆ ತ್ರಿವರ್ಣ ಪಟ್ಟಿ ಮತ್ತು ಚಕ್ರದ ಪ್ಯಾಚ್ ಹೊಲಿದರೆ ಅದು ನೇರವಾಗಿ ಆ ಮಾತಿನೊಳಗೆ ಬೀಳುತ್ತದೆ. ಸೊಂಟದ ಮೇಲಾದರೆ ಏನೂ ಮಾಡಬಹುದು ಎಂದು ತಿಳಿಯುವುದೂ ತಪ್ಪು. ದಿಂಬು, ಕರವಸ್ತ್ರ, ಒಳಉಡುಪುಗಳ ಜೊತೆಗೆ ಯಾವುದೇ ಉಡುಪಿನ ಬಟ್ಟೆಯ ಮೇಲೆ ಧ್ವಜದ ಕಸೂತಿ ಅಥವಾ ಮುದ್ರಣ ಮಾಡುವುದನ್ನೂ ಅದೇ ಕಲಮು ತಡೆಯುತ್ತದೆ. ಆಗಸ್ಟ್‌ಗೆ ಮುಂಚೆ ಬರುವ ಜಾಬ್‌ವರ್ಕ್ ಆರ್ಡರ್‌ಗಳಲ್ಲಿ ವಿನ್ಯಾಸ ಕೊಟ್ಟವರು ಬೇರೆ ಊರಿನವರಿರಬಹುದು. ಆದರೆ ಸರಕು ಸಿಗುವುದು ಹೊಲಿದವರ ಗೋದಾಮಿನಲ್ಲಿ, ಮಹಜರು ನಡೆಯುವುದೂ ಅಲ್ಲೇ. ವಿನ್ಯಾಸವನ್ನು ಲಿಖಿತವಾಗಿ ತರಿಸಿಕೊಂಡು ನೋಡಿ, ಧ್ವಜ ಇದ್ದರೆ ಆರ್ಡರ್ ಬಿಡಿ.

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಿಗೆ 1950ರ ಕಾಯ್ದೆ ಮುಖ್ಯ. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ರಾಷ್ಟ್ರಧ್ವಜವನ್ನಾಗಲಿ ಅದನ್ನು ಹೋಲುವ ನಕಲನ್ನಾಗಲಿ ವ್ಯಾಪಾರಕ್ಕೆ, ಟ್ರೇಡ್‌ಮಾರ್ಕಿಗೆ ಬಳಸುವಂತಿಲ್ಲ. ಚೀಲದ ಮೇಲೆ ಧ್ವಜ ಅಚ್ಚಾದರೆ ಗಿರಣಿಯಲ್ಲೇ ವಿಷಯ ಮುಗಿಯುವುದಿಲ್ಲ. ಅಕ್ಕಿ ಖಾಲಿಯಾದ ಮೇಲೆ ಅದೇ ಚೀಲ ಮನೆ ಬಾಗಿಲಲ್ಲಿ ಕಾಲೊರಸು ಆಗುತ್ತದೆ, ಅಲ್ಲಿಗೆ ಧ್ವಜ ತುಳಿದಂತಾಯಿತು. ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಅಥವಾ ಅದು ಅಧಿಕಾರ ಕೊಟ್ಟವರ ಮಂಜೂರಾತಿ ಬೇಕು. ಹಾಗಾಗಿ ಕೇಸು ಕಡಿಮೆ, ನಿಷೇಧ ಮಾತ್ರ ಪೂರ್ತಿ.

ದೂರು ದಾಖಲಾದರೆ ಏನು? ಮೂರು ವರ್ಷದವರೆಗಿನ ಶಿಕ್ಷೆಯಾದ್ದರಿಂದ ಇದು ಜಾಮೀನು ಸಿಗುವ ಸಣ್ಣ ಕೇಸು ಎಂದು ಹಲವರು ನಂಬಿದ್ದಾರೆ. ‘ಮೂರು ವರ್ಷದವರೆಗೆ’ ಎಂಬ ಮಾತನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕೃತಿಸ್ವಾಮ್ಯದ ಪ್ರಕರಣವೊಂದರಲ್ಲಿ ಅರ್ಥೈಸಿದ ರೀತಿಯಲ್ಲಿ ನೋಡಿದರೆ ಇದು ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು, ಮತ್ತು ಜಾಮೀನುರಹಿತ, ಅಂದರೆ ಜಾಮೀನು ಹಕ್ಕಾಗಿ ಸಿಗದ್ದು. ಹಾಗೆಂದು ಬಂಧಿಸಲೇಬೇಕು ಎಂದಿಲ್ಲ. ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ ಹಾಜರಾಗಲು ನೋಟಿಸ್ ಕೊಟ್ಟು ವಿಚಾರಿಸಬಹುದು. ಇನ್ನೂ ಉಪಯುಕ್ತವಾದದ್ದು 173(3): ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು, ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಉಲ್ಟಾ ಬಾವುಟದಂಥ ದೂರುಗಳಿಗೆ ಹೇಳಿ ಮಾಡಿಸಿದ ಅವಕಾಶ ಇದು. ಠಾಣಾಧಿಕಾರಿಗಳು ಇದನ್ನು ಬಳಸಬೇಕು. ನೋಟಿಸ್ ಬಂದವರು ತಪ್ಪಿಸಿಕೊಂಡು ಓಡಾಡದೆ ನಡವಳಿ ಪುಸ್ತಕದ ಪ್ರತಿಯೊಂದಿಗೆ ಹಾಜರಾಗಲಿ.

ದೂರು ಕೊಡುವವರು ವಿಡಿಯೋ ಹರಿಬಿಡುವ ಮೊದಲು ಕಂಬದ ಬಳಿ ಇರುವವರಿಗೆ ಹೇಳಲಿ. ಹೇಳಿದರೂ ಸರಿಪಡಿಸಲಿಲ್ಲ ಎಂಬುದೇ ಆಮೇಲೆ ಉದ್ದೇಶಕ್ಕೆ ಪುರಾವೆಯಾಗುತ್ತದೆ. ನಿಜವಾಗಿಯೂ ಹರಿದದ್ದನ್ನೋ ಸುಟ್ಟದ್ದನ್ನೋ ಕಂಡರೆ ಚಿತ್ರೀಕರಿಸಿದ ಮೂಲ ಫೋನನ್ನೇ ಜೋಪಾನವಾಗಿಡಿ. ಹತ್ತು ಗುಂಪು ಸುತ್ತಿ ಬಂದ ವಾಟ್ಸ್‌ಆ್ಯಪ್ ತುಣುಕಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕೇಳುವ, ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರ ಕೊಡುವವರು ಯಾರೂ ಸಿಗುವುದಿಲ್ಲ. ಆರೋಪಿಯನ್ನು ಹಿಡಿದು ಕ್ಷಮೆ ಕೇಳಿಸಿ, ಹೊಡೆದು, ಅದನ್ನೂ ಚಿತ್ರೀಕರಿಸಿದರೆ ಎರಡನೇ ಕೇಸು ದೂರುದಾರರ ಮೇಲೆಯೇ ಬೀಳುತ್ತದೆ.

ಮನೆಯ ಮೇಲೆ ಹಾರಿಸುವವರಿಗೆ ಧ್ವಜ ಸಂಹಿತೆಯ 2022ರ ಜುಲೈ ತಿದ್ದುಪಡಿ ಹಗಲುರಾತ್ರಿ ಹಾರಿಸಲು ಅವಕಾಶ ಕೊಟ್ಟಿದೆ, 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಿದೆ. ಉದ್ದಗಲ 3:2 ಇರಬೇಕು. ಮನೆಗೆ 900×600 ಮಿಲಿಮೀಟರ್ ಸಾಕು. ಪ್ಲಾಸ್ಟಿಕ್ ಬಾವುಟ ಮಾತ್ರ ಬೇಡವೇ ಬೇಡ, 2022ರ ಜುಲೈ 1ರಿಂದ ಅದು ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೂ ಇದೆ. ನಮ್ಮ ಬಿಸಿಲು, ಗಾಳಿಗೆ ಹಗಲುರಾತ್ರಿ ಬಿಟ್ಟ ಬಾವುಟದ ಬೀಸುವ ತುದಿ ಬೇಗ ನಾರಾಗುತ್ತದೆ. ವಾರಕ್ಕೊಮ್ಮೆ ನೋಡಿ, ಹರಿದ ಬಾವುಟ ಹಾರಿಸಬಾರದು.

ಹಾಳಾದದ್ದನ್ನು ಏನು ಮಾಡಬೇಕು ಎಂದು ಕೇಳಿದಾಗ ಸುಡಿ ಎಂದರೆ ಜನ ಬೆಚ್ಚುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಪ್ರತಿಭಟನೆಗಾಗಿ ಧ್ವಜ ಸುಡುವುದನ್ನೂ ಅಭಿವ್ಯಕ್ತಿ ಎಂದಿತು. ನಮ್ಮಲ್ಲಿ ಅದು ಅಪರಾಧ. ಆದರೆ ನಮ್ಮ ಸಂಹಿತೆಯೇ ಹಾಳಾದ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು ಅಥವಾ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಲು ಹೇಳುತ್ತದೆ. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಹಿಂದಕ್ಕೆ ಮಡಚಿ, ಬಿಳಿಯನ್ನು ಚಕ್ರ ಮತ್ತು ಕೇಸರಿ, ಹಸಿರಿನ ಸ್ವಲ್ಪ ಭಾಗ ಮಾತ್ರ ಕಾಣುವಂತೆ ಎರಡೂ ಕಡೆಯಿಂದ ಮಡಚಿ. ಖಾದಿಯಾದರೆ ಹಿತ್ತಲಲ್ಲಿ, ಗೋಡೆಯ ಮರೆಯಲ್ಲಿ, ಪೂರ್ತಿ ಬೂದಿಯಾಗುವವರೆಗೆ ಪಕ್ಕದಲ್ಲೇ ನಿಲ್ಲಿ. ಪಾಲಿಯೆಸ್ಟರ್ ಕರಗಿ ಕರಿ ಹೊಗೆ ಬಿಡುತ್ತದೆ, ಅರೆಬೆಂದ ಬಣ್ಣದ ತುಂಡುಗಳು ಉಳಿಯುತ್ತವೆ. ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಕಾಲು ಬೀಳದ ಜಾಗದಲ್ಲಿ ಮೊಳದಾಳಕ್ಕಿಂತ ಕೆಳಗೆ ಹೂಳುವುದು ವಾಸಿ. ಶಾಲೆಗಳು ಮಕ್ಕಳ ಕಾಗದದ ಬಾವುಟಗಳಿಗೆ ಗೇಟಿನ ಬಳಿ ಒಂದು ಡಬ್ಬಿ ಇಡಲಿ. ಮೆರವಣಿಗೆ ಮುಗಿದು ಮಕ್ಕಳು ಮನೆಗೆ ಹೊರಡುವ ಮುನ್ನವೇ ಅದು ಅಲ್ಲಿರಬೇಕು. ಮರುದಿನ ಚರಂಡಿಯಿಂದ ಆಯ್ದರೆ ಅಷ್ಟರಲ್ಲಿ ಅವು ತುಳಿತಕ್ಕೆ ಸಿಕ್ಕಿರುತ್ತವೆ.