ಬೆಸುಗೆಯ ಕಂಬ ಲೆಕ್ಕಕ್ಕಿಂತ ಮೊದಲೇ ಬಾಗುವುದೇಕೆ?

ಪ್ರಶ್ನೆ: ಪ್ಲೇಟುಗಳನ್ನು ವೆಲ್ಡ್ ಮಾಡಿ ತಯಾರಿಸಿದ ‘ಐ’ ಆಕಾರದ ಸಪೂರ ಕಂಬವನ್ನು, ಎರಡೂ ತುದಿಗೆ ಪಿನ್ ಕೊಟ್ಟು ಪರೀಕ್ಷಿಸಿದೆವು. ಆಯ್ಲರ್ ಲೋಡಿನ (ದೋಷವೇ ಇಲ್ಲದ ನೇರ ಕಂಬ ಬಾಗುವುದೆಂದು ಸೂತ್ರ ಹೇಳುವ ಲೋಡ್) ಮೂರನೇ ಎರಡು ಭಾಗಕ್ಕೇ ಬಾಗಿಬಿಟ್ಟಿತು. ಪರೀಕ್ಷೆ ತಪ್ಪಾಯಿತೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಆಯ್ಲರ್ ಲೋಡನ್ನು ಮುಟ್ಟಿಬಿಟ್ಟಿದ್ದರೇ ಅನುಮಾನಪಡಬೇಕಿತ್ತು.

ಸ್ಲೆಂಡರ್‌ನೆಸ್ (ಕಂಬ ಎಷ್ಟು ಸಪೂರ ಎಂಬುದರ ಅಳತೆ) 120, ಯೀಲ್ಡ್ ಸ್ಟ್ರೆಸ್ (ಉಕ್ಕು ಶಾಶ್ವತವಾಗಿ ಆಕಾರ ಕೆಡತೊಡಗುವ ಒತ್ತಡ) ಚದರ ಮಿ.ಮೀ.ಗೆ 250 ನ್ಯೂಟನ್ ಎಂದಿಟ್ಟುಕೊಳ್ಳಿ. ಆಯ್ಲರ್ ಪ್ರಕಾರ ಬಾಗುವ ಸ್ಟ್ರೆಸ್ ಅದೇ ಮಾನದಲ್ಲಿ 137 ಬರುತ್ತದೆ. ಬೆಸುಗೆಯ ‘ಐ’ ಕಂಬ ದುರ್ಬಲ ಅಕ್ಷದಲ್ಲಿ ಬಾಗುವುದಕ್ಕೆ ಬಳಸುವ ‘ಸಿ’ ಬಕ್ಲಿಂಗ್ ಕರ್ವ್ (ನಿಜವಾದ ಕಂಬಗಳ ದೋಷವನ್ನೂ ಲೆಕ್ಕಕ್ಕೆ ಹಿಡಿದ ವಿನ್ಯಾಸದ ರೇಖೆ; ದೋಷದ ಅಂಶ 0.49) ಕೊಡುವುದು ಸುಮಾರು 92. ನಿಮ್ಮ ಮೂರನೇ ಎರಡು ಭಾಗ ಅದೇ.

ಆಯ್ಲರ್ ಸೂತ್ರದ ಕಂಬ ನೂಲು ಹಿಡಿದಷ್ಟು ನೇರ, ನಿಮ್ಮದು ಹಾಗಿಲ್ಲ. ಬೆಸುಗೆ ತಣಿಯುತ್ತ ಕುಗ್ಗುವಾಗ ಅದರ ಪಕ್ಕದ ಉಕ್ಕು ಯೀಲ್ಡಿನ ಹತ್ತಿರದವರೆಗೂ ಎಳೆತದಲ್ಲಿ ಉಳಿಯುತ್ತದೆ, ಅದನ್ನು ಸರಿದೂಗಿಸಲು ಉಳಿದ ಭಾಗ ಒತ್ತಿಕೊಳ್ಳುತ್ತದೆ. ಈ ಒತ್ತು ಫ್ಲೇಂಜಿನ (‘ಐ’ನ ಅಡ್ಡಪಟ್ಟಿ) ಅಂಚಿಗೆ ಬಿದ್ದರೆ ಅಂಚು ಬೇಗ ಯೀಲ್ಡ್ ಆಗುತ್ತದೆ. ಬಾಗುವಿಕೆಯನ್ನು ತಡೆಯಬೇಕಾದದ್ದೇ ಆ ಅಂಚು. ಪ್ಲೇಟನ್ನು ಗ್ಯಾಸ್‌ನಿಂದ ಕತ್ತರಿಸಿದ್ದರೆ ಅಂಚಿನಲ್ಲಿ ಎಳೆತ ಉಳಿದಿರುತ್ತದೆ, ಅಷ್ಟರ ಮಟ್ಟಿಗೆ ಲಾಭ. ಇದರ ಜೊತೆಗೆ ಡೊಂಕು: 3 ಮೀಟರ್ ಕಂಬಕ್ಕೆ 3 ಮಿ.ಮೀ. ಸಾಮಾನ್ಯ. ಎಂಡ್ ಪ್ಲೇಟ್ ಬೆಸೆದ ಮೇಲೆಯೇ ತಂತಿ ಬಿಗಿದು ಅಳೆಯಿರಿ. ಡೊಂಕು ಕಂಡಿತೆಂದು ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಬೇಡಿ; ಬೆಸುಗೆಯಿಂದ ಒಳಗೆ ಉಳಿದ ಎಳೆತ-ಒತ್ತುಗಳ, ಅಂದರೆ ಉಳಿಕೆ ಸ್ಟ್ರೆಸ್‌ನ, ಹಂಚಿಕೆಯೇ ಬದಲಾಗಿಬಿಡುತ್ತದೆ.

ನಿಜವಾದ ತಪ್ಪು ಅಡಗಿರುವುದು ಹೆಚ್ಚಾಗಿ ತುದಿಗಳಲ್ಲಿ. ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಬೇಕು. ಎರಡೂ ಕಡೆ ತಲಾ 75 ಮಿ.ಮೀ. ಫಿಕ್ಸ್ಚರ್ (ತುದಿಯನ್ನು ಪಿನ್ನಿಗೆ ಜೋಡಿಸುವ ಭಾಗ) ಮರೆತರೆ 3000 ಬದಲು 3150 ಆಗಿ, ಆಯ್ಲರ್ ಲೋಡೇ ಶೇ. 9ರಷ್ಟು ಇಳಿಯುತ್ತದೆ. ಪಿನ್ನಿನ ಬದಲು ತುದಿಗೆ ಇಡುವ, ಎಲ್ಲ ದಿಕ್ಕಿಗೂ ತಿರುಗುವ ಗೋಳಾಕಾರದ ಸೀಟು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೋಸ ಮಾಡುತ್ತದೆ. ಲೋಡ್ ಏರಿದಾಗ ಘರ್ಷಣೆಯಿಂದ ಕಚ್ಚಿಕೊಂಡು ತುದಿ ಅರೆಬಿಗಿಯಾಗುತ್ತದೆ. ಪರಿಣಾಮಕಾರಿ ಉದ್ದ (ಬಾಗುವ ಲೆಕ್ಕಕ್ಕೆ ಹಿಡಿಯುವ ಉದ್ದ) 0.9 ಪಟ್ಟಿಗೆ ಇಳಿದರೂ ಆಯ್ಲರ್ ಲೋಡ್ ಶೇ. 23 ಹೆಚ್ಚು. ಒಂದೇ ಅಕ್ಷದಲ್ಲಿ ಬಾಗಿಸುವುದಾದರೆ ನೈಫ್ ಎಡ್ಜ್ (ಚೂಪು ಅಂಚಿನ ಮೇಲೆ ತಿರುಗುವ ಆಧಾರ) ವಾಸಿ.

ಕಂಬವನ್ನು ಕೂರಿಸುವಾಗ ನಡು ಎತ್ತರದಲ್ಲಿ ನಾಲ್ಕೂ ಫ್ಲೇಂಜ್ ತುದಿಗೆ ಸ್ಟ್ರೇನ್ ಗೇಜ್ (ಉಕ್ಕು ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಪಟ್ಟಿ) ಅಂಟಿಸಿ. ನಿರೀಕ್ಷಿತ ಲೋಡಿನ ಹತ್ತನೇ ಒಂದು ಭಾಗ ಕೊಟ್ಟು ನಾಲ್ಕನ್ನೂ ಓದಿ, ಇಳಿಸಿ, ಸರಿಸಿ, ನಾಲ್ಕೂ ಓದು ಬಹುತೇಕ ಒಂದೇ ಆಗುವವರೆಗೆ ಮತ್ತೆ ಮತ್ತೆ ಓದಿ. ಬೇಸರದ ಕೆಲಸವೇ, ಆದರೆ ಇಲ್ಲಿ ಅವಸರಪಟ್ಟರೆ ಮುಂದಿನ ಅಂಕಿಗಳೆಲ್ಲ ವ್ಯರ್ಥ. ಗರಿಷ್ಠ ಲೋಡ್ ದಾಟಿದ ಮೇಲಿನ ವಕ್ರರೇಖೆ ಬೇಕಿದ್ದರೆ ಯಂತ್ರವನ್ನು ಲೋಡಿನ ಬದಲು ಚಲನೆಯ ನಿಯಂತ್ರಣದಲ್ಲಿ ನಡೆಸಿ. ಇಲ್ಲದಿದ್ದರೆ ಕಂಬ ಒಮ್ಮೆಲೇ ಪಕ್ಕಕ್ಕೆ ಚಿಮ್ಮುತ್ತದೆ.

ನಿಮ್ಮ ಪರೀಕ್ಷೆ ಮುಗಿದಿದ್ದರೂ ತುದಿಗಳನ್ನು ಈಗಲೇ ತನಿಖೆ ಮಾಡಬಹುದು. ಪ್ರತಿ ಹಂತದಲ್ಲಿ ನಡುವಿನಲ್ಲಿ ಹೆಚ್ಚಿದ ಬಾಗನ್ನು ಲೋಡಿನಿಂದ ಭಾಗಿಸಿ, ಬಂದದ್ದನ್ನು ಬಾಗಿನ ಎದುರು ಗ್ರಾಫಿಗೆ ಹಾಕಿ. ಇದು ಸೌತ್‌ವೆಲ್ ವಿಧಾನ. ಯೀಲ್ಡ್ ಆಗುವ ಮೊದಲಿನ ಬಿಂದುಗಳನ್ನಷ್ಟೇ ಬಳಸಿ. ತೀರಾ ಆರಂಭದವೂ ಬೇಡ, ಅಲ್ಲಿ ಬಾಗು ಅಳತೆಯ ದೋಷದಷ್ಟೇ ಇರುತ್ತದೆ. ಸಿಗುವ ಸರಳರೇಖೆಯ ಇಳಿಜಾರಿನ ವಿಲೋಮವೇ ಆ ತುದಿಗಳೊಂದಿಗೆ ಕಂಬಕ್ಕಿದ್ದ ಆಯ್ಲರ್ ಲೋಡ್. ಅದು ಲೆಕ್ಕದ ಅಂಕಿಗೆ ಹೊಂದಿದರೆ ತುದಿಗಳು ಸರಿಯಿದ್ದವು, ಕೊರತೆ ಡೊಂಕಿನದ್ದು ಮತ್ತು ಬೆಸುಗೆಯದ್ದು. ಹೊಂದದಿದ್ದರೆ ಮೊದಲು ಸೀಟು ಬಿಚ್ಚಿ ನೋಡಿ.